ಯಾರಿಗೂ ಏನೂ ಆಗಬೇಕಿಲ್ಲದ ವಕೀಲರು

ಬೇಲೂರಿನಲ್ಲಿ ಯಾರಿಗೂ ಏನೂ ಆಗಬೇಕಿಲ್ಲದ ಮನುಷ್ಯ ಒಬ್ಬನೂ ಇಲ್ಲ ಎಂಬ ಸತ್ಯ ನನಗೆ ಗೊತ್ತಾಗಿದ್ದು ಮನೆ ಕೊಳ್ಳಲು ಹೊರಟ ಮೇಲೆ. ಅದಕ್ಕೆ ಮುಂಚೆ ನಮ್ಮ ಕಡೆಯ ಜನರ ನೆಂಟಸ್ತಿಕೆಯನ್ನು ನಾನೂ ಹೊಗಳುತ್ತಿದ್ದೆ. ಬಸ್ಸಿನಲ್ಲಿ ಪಕ್ಕ ಕೂತವರು "ಯಾವೂರಾಯ್ತು?" ಎಂದು ಶುರು ಮಾಡುತ್ತಾರೆ. ಹಗರೆ ಬರುವಷ್ಟರಲ್ಲಿ ನಮ್ಮ ಸೋದರತ್ತೆಯ ಓರಗಿತ್ತಿಗೂ ಅವರ ಬೀಗರಿಗೂ ಗಂಟು ಹಾಕಿ ಮುಗಿಸಿರುತ್ತಾರೆ. ಇಳಿಯುವಾಗ "ಮನೆ ಕಡೆ ಬನ್ನಿ" ಎನ್ನುತ್ತಾರೆ. ಹೌ ಸ್ವೀಟ್ ಎಂದುಕೊಳ್ಳುತ್ತಿದ್ದೆ. ಈಗ ಯಾರಾದರೂ ಯಾವೂರು ಎಂದು ಕೇಳಿದರೆ ನನ್ನ ಬಿ.ಪಿ. ಏರುತ್ತದೆ.

ಹೌದು, ನನಗೆ ಕೋಪ ಬಂದಿದೆ. ಬಂದು ಎಷ್ಟೋ ತಿಂಗಳಾಯಿತು, ಇನ್ನೂ ಹೋಗಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು, ಕಾನ್ವೆಂಟಿನಲ್ಲೇ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಕೋಪ ಬಂದರೆ ಕಿರುಚಬಾರದು, ಕೈಕಟ್ಟಿ ನಿಂತು ಧ್ವನಿ ತಗ್ಗಿಸಿ 'ಐ ಆಮ್ ವೆರಿ ಡಿಸಪಾಯಿಂಟೆಡ್ ಇನ್ ಯೂ' ಎನ್ನಬೇಕು ಎಂದು ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ಆ ಒಂದು ವಾಕ್ಯಕ್ಕೆ ಎಂಟನೇ ಕ್ಲಾಸಿನ ಹುಡುಗಿಯರು ಕರ್ಚೀಫು ಹುಡುಕುತ್ತಿದ್ದರು. ಹೋಮ್ ಲೋನ್ ಏಜೆಂಟ್ ಹುಡುಕುವುದಿಲ್ಲ. "ಓಕೆ ಮೇಡಂ" ಎನ್ನುತ್ತಾನೆ.

ಈ ವಯಸ್ಸಿನಲ್ಲಿ ಮನೆ ಯಾಕೆ ಎಂದು ನೀವೂ ಕೇಳಬಹುದು, ಎಲ್ಲರೂ ಕೇಳಿದ್ದಾರೆ. ನಾನು ಹುಟ್ಟಿದ್ದು ಅರಸೀಕೆರೆಯಲ್ಲಿ, ಅಪ್ಪನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಲ್ಲಿ ಗೋಡೆಯ ಮೇಲೆ ನಂಬರ್ ಇತ್ತು, ಹೆಸರಿರಲಿಲ್ಲ. ಅಮ್ಮ ಕರಿಬೇವಿನ ಗಿಡವನ್ನು ಕೂಡ ಡಾಲ್ಡಾ ಡಬ್ಬಿಯಲ್ಲೇ ಬೆಳೆಸುತ್ತಿದ್ದಳು; ಟ್ರಾನ್ಸ್‌ಫರ್ ಆದರೆ ಎತ್ತಿಕೊಂಡು ಹೋಗಬೇಕಲ್ಲ. ಓದಿದ್ದು ಬೋರ್ಡಿಂಗಿನಲ್ಲಿ, ಅಲ್ಲಿ ನನ್ನದೆಂದು ಇದ್ದದ್ದು ಒಂದು ಕಬ್ಬಿಣದ ಮಂಚ. ಆಮೇಲೆಲ್ಲ ಬಾಡಿಗೆ ಮನೆಗಳು. ಮದುವೆಯಾಗಲಿಲ್ಲ. ಆಗಿದ್ದರೂ ಅದನ್ನು ಗಂಡನ ಮನೆ ಎನ್ನುತ್ತಿದ್ದರೇ ಹೊರತು ನನ್ನ ಮನೆ ಎನ್ನುತ್ತಿರಲಿಲ್ಲ. ಸಾಯುವುದಕ್ಕೆ ಮೊದಲು ನನ್ನದು ಎನ್ನುವ ಒಂದು ಬಾಗಿಲನ್ನು ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಬೇಕು. ಆಸೆ ಇಷ್ಟೇ. ಅಷ್ಟರಲ್ಲಿ ಬೇಲೂರಿನ ನಮ್ಮ ಬಾಡಿಗೆ ಮನೆಯ ಮಾಲೀಕರು, ಮಗಳು ಅಲ್ಲಿ ಕ್ಲಿನಿಕ್ ಇಡುತ್ತಾಳೆ, ಬೇಗ ಖಾಲಿ ಮಾಡಿ ಎಂದರು.

ಆಗ ಸಿಕ್ಕಿದ್ದು ಹಳೇಬೀಡಿನ ಮನೆ. ಬಸ್ತಿಹಳ್ಳಿಗೆ ಹೋಗುವ ರಸ್ತೆಯಲ್ಲಿದೆ. ಟೂರಿಸ್ಟ್ ಬಸ್ಸುಗಳ ಗಲಾಟೆ ಅಲ್ಲಿಗೆ ಬರುವುದಿಲ್ಲ. ಕೆಂಪು ಗಾರೆಯ ನೆಲ, ಎರಡು ರೂಮು, ಉದ್ದನೆಯ ಜಗಲಿ, ಹಿಂದೆ ಒಳ್ಳೆಯ ಹಿತ್ತಲು. ಮಾರುವವರು ಮಂಜಣ್ಣ ಮತ್ತು ಅವರ ತಮ್ಮ. ಅಪ್ಪ ಬಿಟ್ಟುಹೋದ ತೆಂಗಿನ ತೋಟ ನೋಡಿಕೊಂಡು, ಪಕ್ಕದಲ್ಲೇ ಹೊಸ ಮನೆ ಕಟ್ಟಿಸಿಕೊಂಡಿದ್ದಾರೆ. ನಾವು ನೋಡಲು ಹೋದ ದಿನ ಮಂಜಣ್ಣನ ಹೆಂಡತಿ ಕಾಫಿ ಕೊಡುತ್ತ, "ನಮ್ ನಾದಿನಿ ಹುಟ್ಟಿದ್ದು ಇದೇ ರೂಮ್ನಾಗೆ" ಎಂದು ಹೇಳಿದ್ದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕೂರದಿದ್ದರೆ ಎಷ್ಟು ಚೆನ್ನಾಗಿತ್ತು.

ನನ್ನ ಉಳಿತಾಯ ಸಾಲದು, ನನ್ನ ವಯಸ್ಸಿನವರನ್ನು ಕಂಡರೆ ಬ್ಯಾಂಕಿನವರು ಮುಖ ತಿರುಗಿಸುತ್ತಾರೆ. ಹಾಗಾಗಿ ಸಾಲಕ್ಕೆ ನನ್ನ ತಂಗಿಯ ಮಗಳು ಶುಭಾ ಮುಂದಾದಳು. ಅವಳು ಸರ್ಕಾರಿ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್, ನನ್ನ ಜೊತೆಯಲ್ಲೇ ಇರುವವಳು. ಅವಳ ಸ್ಟಾಫ್ ರೂಮಿನಲ್ಲಿ ಪ್ರತಿಯೊಬ್ಬರಿಗೂ ಒಬ್ಬೊಬ್ಬ ಲೋನ್ ಏಜೆಂಟ್ ನೆಂಟನಿದ್ದ. ಹೆಚ್ಚು ಜನ ಹೇಳಿದ್ದು ಲೋಕೇಶನ ಹೆಸರು. ಅವನ ಆಫೀಸು ಒಂದು ಬೇಕರಿಯ ಮೇಲೆ. ಅಲ್ಲಿಗೆ ಬಂದ ಬೆಣ್ಣೆ ಬಿಸ್ಕತ್ತಿನ ವಾಸನೆಗೆ ಅರ್ಧ ನಂಬಿಕೆ ಬಂದುಬಿಟ್ಟಿತು. ಅವನು ಕೇಳಿದ ಮೊದಲನೇ ಪ್ರಶ್ನೆಗೆ ಆ ಅರ್ಧವೂ ಹೋಯಿತು.

"ಮನೇಲಿ ಗಂಡಸರು ಯಾರಿದ್ದಾರೆ ಮೇಡಂ?"

"ಒಂದು ಬೆಕ್ಕಿದೆ" ಎಂದಳು ಶುಭಾ. "ಅದೂ ಸರಿಯಾಗಿ ಮನೇಲಿರಲ್ಲ."

ಯಾವ ಬ್ಯಾಂಕ್ ಒಳ್ಳೆಯದು ಎಂದು ಕೇಳಿದೆ. "ನೀವು ಯಾವುದು ಅಂತೀರೋ ಅದೇ ಬೆಸ್ಟ್ ಮೇಡಂ, ಆದರೆ ಇದಕ್ಕೇ ಹಾಕೋಣ" ಎಂದು ಒಂದು ಫೈಲನ್ನು ಮುಂದೆ ತಳ್ಳಿದ. ಫ್ಲೋಟಿಂಗ್ ರೇಟ್ ಎಂದರೆ ನಮಗೇನು ಲಾಭ, ಏನು ನಷ್ಟ ಎಂದೆ. "ಫ್ಲೋಟಿಂಗ್ ಅಂದ್ರೆ ತೇಲ್ತಾ ಇರುತ್ತೆ ಮೇಡಂ" ಎಂದ. ಇಂಗ್ಲಿಷ್ ಟೀಚರಿಗೆ ಮೀನಿಂಗ್ ಹೇಳಿಕೊಟ್ಟ. ಮಿಕ್ಕಿದ್ದೆಲ್ಲ ಪ್ಯಾಕೇಜು: ಸಾಲ, ವಕೀಲರು, ರಿಜಿಸ್ಟ್ರೇಷನ್, ಕೊನೆಗೆ ಗೃಹಪ್ರವೇಶದ ಪುರೋಹಿತರು, ಊಟದವರು ಸಮೇತ. "ನೀವು ಹಾಲುಕ್ಕಿಸೋದು ಒಂದೇ ಬಾಕಿ." ವಕೀಲರು ಯಾರು ಎಂದರೆ, ಅವನ ಬಾಮೈದ. "ಎಲ್ಲಾ ನಮ್ಮೋರೇ ಮೇಡಂ, ಟೆನ್ಷನ್ ಮಾಡ್ಕೋಬೇಡಿ."

ಟೆನ್ಷನ್ ಶುರುವಾಗಿದ್ದೇ ಅಲ್ಲಿ. ಬಾಮೈದ ವಕೀಲರು ನಾವು ಕುರ್ಚಿಯಲ್ಲಿ ಕೂರುವುದರೊಳಗೆ "ಲೀಗಲ್ ಒಪೀನಿಯನ್ ರೆಡಿ ಇದೆ, ಟೈಟಲ್ ಕ್ಲಿಯರ್" ಎಂದರು. ಕಾಗದಪತ್ರ ಇನ್ನೂ ನನ್ನ ಬ್ಯಾಗಿನಲ್ಲೇ ಇತ್ತು. "ಮಂಜಣ್ಣ ನಮ್ಮ ತಾಯಿ ಕಡೆಯೋರು ಕಣ್ರೀ, ಆ ಮನೇಲಿ ನಾನು ಆಡಿ ಬೆಳೆದಿದ್ದೀನಿ. ನೋಡೋದೇನಿದೆ?" ಹಾಗಾದರೆ ಮಾರುವವರಿಗೂ ಇವರೇ, ಕೊಳ್ಳುವವರಿಗೂ ಇವರೇ, ಸಾಲ ಮಾಡಿಸುವವನಿಗೂ ಇವರೇ. ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಎಂಬ ಮಾತನ್ನು ಮೆಲ್ಲಗೆ ಅಂದು ನೋಡಿದೆ. "ಕಾನ್‌ಫ್ಲಿಕ್ಟೇ ಇಲ್ಲ ಮೇಡಂ, ನಾವೆಲ್ಲ ಚೆನ್ನಾಗೇ ಇದ್ದೀವಿ" ಎಂದರು.

"ಮಂಜಣ್ಣನವರಿಗೆ ಒಬ್ಬ ತಂಗಿ ಇದ್ದಾರಂತಲ್ಲ, ಅವರ ಸಹಿ?"

ಅವರು ನಕ್ಕರು. "ಹೆಣ್ಮಕ್ಕಳಿಗೆ ಮದುವೇಲೇ ಎಲ್ಲಾ ಕೊಟ್ಟಾಗಿರುತ್ತೆ. ಕಾನೂನು ಬೇರೆ, ನಮ್ಮ ಕಡೆ ಪದ್ಧತಿ ಬೇರೆ."

ಹಾಗಾದರೆ ನಿಮ್ಮ ಫೀಸು ಕಾನೂನಿಗೋ ಪದ್ಧತಿಗೋ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆ ಮಾತು ಹೊಳೆದದ್ದು ಬಸ್ ಸ್ಟ್ಯಾಂಡಿಗೆ ಬಂದ ಮೇಲೆ. ನನಗೆ ಒಳ್ಳೆಯ ಉತ್ತರಗಳು ಯಾವಾಗಲೂ ಬಸ್ ಸ್ಟ್ಯಾಂಡಿನಲ್ಲೇ ಹೊಳೆಯುವುದು.

ಶುಭಾ ಹೇಳಿದಳು: "ಬ್ಯಾಂಕಿನ ವಕೀಲರೂ ನೋಡ್ತಾರಲ್ಲ ದೊಡ್ಡಮ್ಮ." ನೋಡುತ್ತಾರೆ, ಬ್ಯಾಂಕಿನ ದುಡ್ಡನ್ನು. ನನ್ನನ್ನು ನೋಡುವವರು ಯಾರು? ನನ್ನ ವಕೀಲರು ನನ್ನೊಬ್ಬಳಿಗೇ ವಕೀಲರಾಗಿರಬೇಕು ಎಂದು ಹಟ ಹಿಡಿದೆ. ಬೇಲೂರಿನ ವಕೀಲರನ್ನು ಒಬ್ಬೊಬ್ಬರನ್ನಾಗಿ ನೋಡಲು ಹೊರಟೆ. ಎಲ್ಲರೂ ನನ್ನನ್ನು ಕೂರಿಸಿ, ನೀರು ಕೊಟ್ಟು, ಯಾವ ಮನೆ ಎಂದು ಕೇಳಿ, ಹೇಳಿದ ತಕ್ಷಣ ಮುಖ ಅರಳಿಸಿದರು. ಒಬ್ಬರಿಗೆ ಮಂಜಣ್ಣ ಚಿಕ್ಕಪ್ಪನ ಬೀಗರು. ಇನ್ನೊಬ್ಬರಿಗೆ ಷಡ್ಡಕನ ಅಣ್ಣ. ಮೂರನೆಯವರು ಹೆಂಗಸು; ಅವರಿಗೆ ಮಂಜಣ್ಣ ಏನೂ ಆಗಬೇಕಿರಲಿಲ್ಲ. ನನಗೆ ಉಸಿರು ಬಂತು. ಅವರು ಬಿಡಲಿಲ್ಲ. ಅತ್ತೆಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಬೇಲೂರು, ಹಗರೆ, ಹಾಸನ ಎಲ್ಲ ಸುತ್ತಿ ಬಂದು, ಕೊನೆಗೆ "ನೋಡಿ, ನಮಗೆ ಅವರು ಅಣ್ಣನೇ ಆಗಬೇಕು!" ಎಂದು ಗೆದ್ದವರ ಹಾಗೆ ನನ್ನ ಮುಖ ನೋಡಿದರು. ನಂಟು ಸಿಕ್ಕರೆ ನನ್ನ ನಂಬಿಕೆ ಹೆಚ್ಚುತ್ತದೆ ಎಂದು ಪಾಪ ಅವರ ಎಣಿಕೆ. ನಾನು ಎದ್ದು ಬಂದದ್ದು ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ. ಸಂತೆಯಲ್ಲಿ ಕಂಡರೆ ಮುಖ ಗಂಟು ಹಾಕಿಕೊಳ್ಳುತ್ತಾರೆ.

ಕೊನೆಗೆ ಅರಸೀಕೆರೆ ಬಸ್ಸು ಹತ್ತಿದೆ. ಜಂಕ್ಷನ್ ಊರು, ಎಲ್ಲಿಂದಲೋ ಬಂದು ಇಳಿದು ಉಳಿದುಕೊಂಡವರು ಇದ್ದೇ ಇರುತ್ತಾರೆ. ಕೋರ್ಟಿನ ಹತ್ತಿರ ಒಂದು ಬೋರ್ಡಿನ ಮೇಲೆ ಮುನಿರಾಜು ಎಂದಿತ್ತು. ನಮ್ಮ ಕಡೆ ಕಡಿಮೆ ಕೇಳುವ ಹೆಸರು. ಆಸೆಯಿಂದ ಒಳಗೆ ಹೋದೆ. ಜನ್ಮದಲ್ಲಿ ಮೊದಲ ಸಲ ನಾನೇ ಬಾಯಿಬಿಟ್ಟು "ಯಾವೂರಾಯ್ತು?" ಎಂದು ಕೇಳಿದೆ.

"ಮಾಲೂರು ಹತ್ರ, ಕೋಲಾರದ ಕಡೆ."

"ಮನೆಯವರು?"

"ಅವರೂ ಅಲ್ಲಿಯೋರೇ."

"ಹಳೇಬೀಡಿನಲ್ಲಿ ಯಾರಾದರೂ ಬೇಕಾದವರು?"

"ಒಂದ್ಸಲ ದೇವಸ್ಥಾನ ನೋಡೋಕೆ ಹೋಗಿದ್ದೆ ಅಮ್ಮ. ಚಪ್ಪಲಿ ಕಳೆದುಹೋಯ್ತು. ಮತ್ತೆ ಹೋಗಿಲ್ಲ."

ನನಗೆ ಕಣ್ಣಲ್ಲಿ ನೀರು ಬಂತು. ಅವರಿಗೆ ಅನುಮಾನ ಬಂತು. "ನನ್ನ ಹೆಸರು ಯಾರು ಹೇಳಿದ್ದು?" ಯಾರೂ ಹೇಳಿಲ್ಲ ಎಂದೆ. "ಯಾರೂ ಹೇಳದೆ ನನ್ನ ಹತ್ರ ಯಾರೂ ಬರಲ್ಲ. ನಿಜ ಹೇಳಿ, ಎದುರು ಪಾರ್ಟಿಯವರು ಕಳಿಸಿದ್ರಾ?" ಅವರನ್ನು ನಂಬಿಸುವುದರಲ್ಲಿ ಮಧ್ಯಾಹ್ನವಾಯಿತು. ಆಮೇಲೆ ಎಲ್ಲ ಓದಿ ಖಡಾಖಂಡಿತವಾಗಿ ಹೇಳಿದರು: "ತಂದೆ ಕಟ್ಟಿಸಿದ ಮನೆ, ವಿಲ್ ಇಲ್ಲ. ತಂಗಿಗೂ ಸಮಪಾಲು ಇದೆ. ಅವರ ಸಹಿ ಇಲ್ಲದೆ ಅಡ್ವಾನ್ಸ್ ಕೊಡಬೇಡಿ. ನಾಳೆ ಅವರು ಕೇಸ್ ಹಾಕಿದರೆ ಮನೆ ಕೋರ್ಟಲ್ಲಿರುತ್ತೆ, ಲೋನಿನ ಕಂತು ನಿಮ್ಮ ತಲೆ ಮೇಲಿರುತ್ತೆ."

ಮಂಜಣ್ಣನಿಗೆ ಹೇಳಿದಾಗ ಅವರಿಗೆ ಕೋಪ ಬರಲಿಲ್ಲ, ಬೇಜಾರಾಯಿತು. "ಏನ್ ಮಿಸ್ಸು, ನಮ್ ಜಯಮ್ಮನ್ ಸೈನು ಬೇಕಾ? ಇಷ್ಟೇಯಾ? ಒಂದ್ ಸೀರೆ ತಗಂಡೋಗಿ ಅರಿಶಿನ ಕುಂಕುಮ ಕೊಟ್ರೆ ನೀವು ತೋರಿಸಿದ ಕಡೆ ಹಾಕ್ತಾಳೆ. ನಾಳೇನೇ ಹೋಗ್ಬತ್ತೀನಿ." ಮನೆಯ ಪಾಲಿಗೆ ಒಂದು ಸೀರೆ. ಇಷ್ಟು ಮೆತ್ತಗಿನ ದನಿಯಲ್ಲಿ ಇಷ್ಟು ದೊಡ್ಡ ಅನ್ಯಾಯದ ಮಾತನ್ನು ನಾನು ಕೇಳಿರಲಿಲ್ಲ. ನಾವೇ ಹೋಗಿ ಮಾತಾಡುತ್ತೇವೆ ಎಂದು ಮಾರನೇ ದಿನ ಬೆಳಿಗ್ಗೆ ಶುಭಾಳನ್ನು ಎಳೆದುಕೊಂಡು ಜಯಮ್ಮನ ಗಂಡನ ಊರು ಹಗರೆಗೆ ಹೋದೆ.

ಜಯಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆದು ಏಳುತ್ತಿದ್ದರು. ನನ್ನನ್ನು ನೋಡಿ ಸೆರಗಿಗೆ ಕೈ ಒರೆಸಿಕೊಂಡರು. "ಅಣ್ಣ ಫೋನ್ ಮಾಡಿತ್ತು ಮಿಸ್ಸು. ಎಲ್ ಹಾಕ್ಬೇಕು ಯೋಳಿ, ಹಾಕ್ಬುಟ್ಟು ಡೈರಿಗೆ ಹೋಯ್ತೀನಿ."

ನೋಡಿ, ನನ್ನ ಮನೆ ನನ್ನ ಕೈಗೆ ಬಂದ ಗಳಿಗೆ ಅದು. ರಿಜಿಸ್ಟ್ರೇಷನ್ ದಿನ ಬನ್ನಿ ಜಯಮ್ಮ ಎಂದು ಹೇಳಿ, ಕೊಟ್ಟ ಕಾಫಿ ಕುಡಿದು ವಾಪಸ್ ಬಂದಿದ್ದರೆ ಮುಗಿದಿತ್ತು. ಶುಭಾ ಹಿಂದಿನಿಂದ ನನ್ನ ಸೀರೆ ಜಗ್ಗುತ್ತಿದ್ದಳು. ಆದರೆ ಮನೆ ಎಷ್ಟಕ್ಕೆ ಹೋಗುತ್ತಿದೆ ಎಂದು ಕೂಡ ಕೇಳದೆ ಸಹಿ ಹಾಕಲು ಹೊರಟ ಹೆಂಗಸನ್ನು ಕಂಡು ನನ್ನೊಳಗಿನ ಟೀಚರು ಎದ್ದು ನಿಂತಳು. "ಏನ್ರೀ ಜಯಮ್ಮ, ಏನು ಮಾರ್ತಿದ್ದಾರೆ ಅಂತಾದರೂ ಗೊತ್ತಾ ನಿಮಗೆ? ಒಂದು ಸೀರೆ ಕೊಟ್ಟರೆ ಕಣ್ಣುಮುಚ್ಚಿ ಸಹಿ ಹಾಕಿಬಿಡ್ತೀರಾ? ಅದು ನಿಮ್ಮ ಅಪ್ಪನ ಮನೆಯೂ ಅಲ್ಲವಾ? ಓದದೆ, ಕೇಳದೆ ಸಹಿ ಹಾಕೋ ಹೆಂಗಸರನ್ನ ಕಂಡರೆ ನನಗೆ ಮೈ ಉರಿಯುತ್ತೆ."

ಜಯಮ್ಮ ಹಾಲಿನ ಕ್ಯಾನನ್ನು ಕೆಳಗಿಟ್ಟರು. "ನಂಗೂ ಪಾಲೈತಾ ಮಿಸ್ಸು?"

"ಐತೆ" ಎಂದೆ. ನನ್ನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಅಷ್ಟು ಆವೇಶ.

"ತೋಟದಾಗೂ?"

"ತೋಟದಲ್ಲೂ."

ಜಯಮ್ಮ ಹಸುವಿನ ಬೆನ್ನು ಸವರಿದರು. "ಒಳ್ಳೇದಾಯ್ತು ನೀವು ಯೋಳಿದ್ದು. ಒಸಿ ತಡೀರಿ ಹಂಗಾರೆ" ಎಂದರು.

ತಡೆದೆ. ವಾರ ಕಳೆಯುವುದರೊಳಗೆ ಸುದ್ದಿ ಬಂತು. ತೋಟ ನೀವಿಬ್ಬರೇ ಇಟ್ಟುಕೊಳ್ಳಿ, ಮನೆ ನನಗೆ ಬಿಡಿ, ಮಾರುವುದು ಬೇಡ ಎಂದು ಜಯಮ್ಮ ಅಣ್ಣಂದಿರಿಗೆ ಹೇಳಿದ್ದರು. ಅವರು ಓಡಿದ್ದು ಬಾಮೈದ ವಕೀಲರ ಹತ್ತಿರ. "ಕಾನೂನು ಪ್ರಕಾರ ಏನೂ ಮಾಡಕ್ಕಾಗಲ್ಲ" ಎಂದರಂತೆ ಆ ಮಹಾನುಭಾವರು. ಪದ್ಧತಿ ಎಲ್ಲಿಗೆ ಹೋಗಿತ್ತೋ. ಜಯಮ್ಮನಿಂದ ನನಗೂ ಫೋನ್ ಬಂತು: "ಮಿಸ್ಸು, ಅಣ್ಣ ಬೈತಿತ್ತಲ್ಲ, ಆ ಯಾರ್ ಕಡೀಗೂ ಸೇರ್ದಿರೋ ಲಾಯರ್ರು, ಅವ್ರ್ ನಂಬರ್ ಕೊಡಿ." ಕೊಟ್ಟೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಆವತ್ತಿನಿಂದ ನನ್ನ ಕೋಪ ಯಾರ ಮೇಲೆ ಎಂದು ನನಗೇ ಗೊತ್ತಿಲ್ಲ. ಲೋಕೇಶ ಇವತ್ತಿಗೂ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುತ್ತಾನೆ. ಅವನ ಮೇಲೆ ಖಂಡಿತ ಇದೆ. ಮುನಿರಾಜು ಅವರು ಸತ್ಯ ಹೇಳಿದ್ದಕ್ಕೆ ಅವರ ಮೇಲೂ ಇದೆ. ಶುಭಾ ಮಾತ್ರ ತಣ್ಣಗೆ ಕೇಳಿದಳು: "ದೊಡ್ಡಮ್ಮ, ನಿನಗೆ ಬೇಕಾಗಿದ್ದು ಮನೆಯೋ ನ್ಯಾಯವೋ? ಮೊದಲೇ ಹೇಳಿದ್ದರೆ ನಾನು ಲೋನಿಗೆ ಓಡಾಡ್ತಿರಲಿಲ್ಲ." ಎರಡೂ ಬೇಕಾಗಿತ್ತು ಎಂದೆ. ಅವಳು ಉತ್ತರ ಪತ್ರಿಕೆಗಳನ್ನು ತಿದ್ದುತ್ತ ಕೂತಳು. ಎಷ್ಟೋ ವರ್ಷ ಕ್ಲಾಸಿನಲ್ಲಿ ನಿಂತು, ನಿಮ್ಮ ತಲೆ ಉಪಯೋಗಿಸಿ, ಥಿಂಕ್ ಫಾರ್ ಯುವರ್‌ಸೆಲ್ಫ್ ಎಂದು ಗಂಟಲು ಹರಿದುಕೊಂಡಿದ್ದೇನೆ. ಒಬ್ಬಳೂ ಕೇಳಿರಲಿಲ್ಲ. ಕೇಳಿದವಳು ಒಬ್ಬಳು ಸಿಕ್ಕಳು, ಹಗರೆಯ ಕೊಟ್ಟಿಗೆಯಲ್ಲಿ, ನನ್ನ ಮನೆಯನ್ನು ತೆಗೆದುಕೊಂಡು ಹೋದಳು.

ಅಷ್ಟರಲ್ಲಿ ಬೇಲೂರಿನ ಮನೆಗೆ ಕ್ಲಿನಿಕ್ಕಿನ ಬೀರುಗಳು ಬಂದು ಇಳಿಯತೊಡಗಿದವು. ಪಾಲುಪತ್ರವಾಗಿ ಹಳೇಬೀಡಿನ ಮನೆ ಜಯಮ್ಮನ ಹೆಸರಿಗೆ ಬಂದಿತ್ತು; ಅವರಿಗೆ ಹಗರೆ ಬಿಟ್ಟು ಬರಲಾಗದು, ಮನೆ ಖಾಲಿ ಬಿದ್ದಿತ್ತು. "ನೀವೇ ಇರಿ ಮಿಸ್ಸು, ಬಾಡ್ಗೆಗೆ" ಎಂದರು. ಬೇರೆ ದಾರಿ ಇರಲಿಲ್ಲ. ಅಗ್ರಿಮೆಂಟಿಗೆ ಅರಸೀಕೆರೆಗೆ ಹೋದೆವು. ಮುನಿರಾಜು ಅವರು ಕನ್ನಡಕ ಸರಿಮಾಡಿಕೊಂಡು, "ನಾನೀಗ ಜಯಮ್ಮನವರ ವಕೀಲ ಅಮ್ಮ. ನೀವು ಬೇಕಾದರೆ ಇದನ್ನ ನಿಮ್ಮ ಕಡೆಯ ವಕೀಲರಿಗೆ ಒಂದ್ಸಲ ತೋರಿಸಿ" ಎಂದರು. ನನ್ನ ಕಡೆಯ ವಕೀಲರು. ಇನ್ನೊಮ್ಮೆ ಊರೂರು ಸುತ್ತಿ, ಇನ್ನೊಮ್ಮೆ ಯಾವೂರಾಯ್ತು ಎಂದು ಕೇಳಿ. ನನ್ನ ಮೈಯೆಲ್ಲ ಉರಿದುಹೋಯಿತು. ಪೆನ್ನು ಕಿತ್ತುಕೊಂಡು ಅವರು ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಎದ್ದೆ.

ಸಾಮಾನು ಸಾಗಿಸಿ ಬಂದು, ಎಲ್ಲ ಜೋಡಿಸಿ, ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಮೊದಲ ಸಂಜೆಯ ಕಾಫಿ ಕುಡಿಯುತ್ತಿದ್ದೆ. ಗಾಳಿ ತಂಪಾಗಿತ್ತು. ಆಹಾ, ನನ್ನದಲ್ಲದಿದ್ದರೇನಂತೆ, ಎಷ್ಟು ಪೀಸ್‌ಫುಲ್ ಎಂದುಕೊಳ್ಳುವಷ್ಟರಲ್ಲಿ ಹೊರಗೆ ಗೂಡ್ಸ್ ಆಟೋ ನಿಂತಿತು. ಜಯಮ್ಮ ಇಳಿದರು. ಅವರ ಹಿಂದೆ ಒಂದು ಹಸು ಇಳಿಯಿತು, ಅದರ ಹಿಂದೆ ಕರು. ಮೂವರೂ ಮನೆ ಸುತ್ತಿಕೊಂಡು ನೇರ ಹಿತ್ತಲಿಗೆ ಬಂದರು. ಜಯಮ್ಮ ನನ್ನನ್ನು ಕೈಹಿಡಿದು ಎಬ್ಬಿಸಿ, ಕುರ್ಚಿಯನ್ನು ಮೆಟ್ಟಿಲ ಮೇಲಿಟ್ಟು, ಅದಿದ್ದ ಜಾಗದಲ್ಲೇ ಗೂಟ ಹೊಡೆಯತೊಡಗಿದರು.

"ಇದೇನ್ರೀ ಜಯಮ್ಮ?"

"ಹಾಲ್ ಕರೆಯಾಕೆ ದಿನಾ ನಾನೇ ಬತ್ತೀನಿ. ಹಿತ್ಲು ನಂಗೇ ಅಂತ ಬರ್ಸಿದ್ನಲ್ಲ ಮಿಸ್ಸು. ಓದ್ಲಿಲ್ವಾ?"

ಶುಭಾ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಓದದೆ ಯಾರಾದರೂ ಸಹಿ ಹಾಕ್ತಾರಾ" ಎಂದು ಹೇಳಿ, ಕರುವಿಗೆ ದಾರಿ ಬಿಟ್ಟೆ.