ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದ ಪ್ರಚಂಡಸೇನ

ಹಿಂದೂಪುರದ ಲೆಕ್ಕದ ಮೇಷ್ಟ್ರು ಅಶ್ವತ್ಥಪ್ಪನವರು ತಮ್ಮ ಮನೆಯಿಂದ ಕಾಗದವನ್ನು ಗಡೀಪಾರು ಮಾಡಿದ್ದು ತೊಂಬತ್ತಾರನೇ ಇಸವಿಯಲ್ಲಿ, ಬೆಂಗಳೂರಿನಿಂದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ತಂದ ಮೇಲೆ. ತಾವು ಬರೆದ ನಾಟಕವನ್ನೆಲ್ಲ ಅದರೊಳಗೆ ಟೈಪು ಮಾಡಿ, "ಇನ್ನು ಪೇಪರಿನ ಯುಗ ಮುಗೀತು" ಎಂದು ಘೋಷಿಸಿ, ಕೈಬರಹದ ಹಾಳೆಗಳನ್ನು ಹೆಂಡತಿ ಶಿವಲಕ್ಷ್ಮಮ್ಮನವರಿಗೆ ಕೊಟ್ಟುಬಿಟ್ಟರು. ಆಕೆ ಅವನ್ನು ಬಚ್ಚಲೊಲೆಗೆ ಹಾಕಿದರು. (ಅವತ್ತು ನೀರು ಬೇಗ ಕಾಯಿತು. ಆ ನಾಟಕದಲ್ಲಿ ಬಿಸಿ ಇದ್ದದ್ದು ಅದೊಂದೇ ಸಲ ಎಂದು ಆಕೆ ಆಮೇಲೆ ಹೇಳಿದರು.)

ನಾಟಕದ ನಾಯಕ ಪ್ರಚಂಡಸೇನ ಮಹಾರಾಜ. ಆ ಪಾತ್ರ ಸ್ವತಃ ಮೇಷ್ಟ್ರದೇ. ಉಗಾದಿಗೆ ಚಿಲಮತ್ತೂರಿನಲ್ಲಿ ಆಡುವುದೆಂದು ಗೊತ್ತಾಗಿತ್ತು. ಮಂತ್ರಿ ಪಾತ್ರದ ಓಬಣ್ಣ ತನ್ನ ತಂಡ ಕಟ್ಟಿಕೊಂಡು ದಿನಾ ಸಂಜೆ ಬಸ್ಸಿನಲ್ಲಿ ಬರುವುದು, ಎಲ್ಲರೂ ಕಂಪ್ಯೂಟರಿನ ಮುಂದೆ ಸಾಲಾಗಿ ನಿಂತು ತಮ್ಮ ತಮ್ಮ ಮಾತು ಓದಿಕೊಳ್ಳುವುದು, ಹಿಂದಿನವರಿಗೆ ಕಾಣಿಸದೆ ಮುಂದಿನವರನ್ನು ಬೈಯುವುದು, ಹೀಗೆ ತಾಲೀಮು ಸಾಗಿತ್ತು.

ಒಂದು ಸಂಜೆ ಶಿವಲಕ್ಷ್ಮಮ್ಮ ಕಸ ಗುಡಿಸುತ್ತ, "ಅದರ ಹೊಟ್ಟೇಲಿ ಬಾಯಿ ಐತಲ್ಲ, ಅದರಾಗೆ ಜಿರಳೆ ಹೋಗಾಕಿಲ್ವಾ?" ಎಂದರು. ಮೇಷ್ಟ್ರು ತಕ್ಷಣ ಮೇಜಿನ ಖಾನೆ ತಡಕಿದರು. ಅಂಗಡಿಯವನು ಬಿಟ್ಟಿ ಕೊಟ್ಟಿದ್ದ, ಫೈಲು ತುಂಬಿಡುವ ಖಾಲಿ ಫ್ಲಾಪಿ ಬಿಲ್ಲೆಯೊಂದಿತ್ತು. ಅದನ್ನು ತಂದು ಆ ಬಾಯಿಗೆ ತುರುಕಿದರು. ಬಾಗಿಲು ಹಾಕಿದಂತಾಯಿತು. ನೆಮ್ಮದಿಯಾಗಿ ನಿದ್ದೆ ಮಾಡಿದರು.

ಮರುದಿನ ಕಂಪ್ಯೂಟರ್ ಏಳಲಿಲ್ಲ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂದು ಅಲ್ಲೇ ಕೂತಿತು.

"ಏನಂತೆ ಅದು?" ಎಂದರು ಶಿವಲಕ್ಷ್ಮಮ್ಮ.

"ನಾನ್ ಸಿಸ್ಟಮ್ ಅಂತಾ ಐತೆ."

"ಸರಿ ಮತ್ತೆ. ನಾನೇ ಸಿಸ್ಟಮ್ಮು ಅಂತ ಅದೇ ಹೇಳ್ಕೊಂತಾ ಐತಲ್ಲ, ನಿಮಗೇನು ಅನುಮಾನ?"

"ಇವಳೇ, ಇದು ಕನ್ನಡದ ನಾನ್ ಅಲ್ಲ, ಇಂಗ್ಲಿಷಿನ ನಾನ್! ಸಿಸ್ಟಮ್ ಅಲ್ಲ ಅಂತ!"

"ನಾನ್ ಮೊದಲಿಂದ್ಲೂ ಅದ್ನೇ ಅಂದಿದ್ದು."

ಮೇಷ್ಟ್ರು ಎಲ್ಲ ಕೀಲಿಗಳನ್ನೂ ಒತ್ತಿದರು. ಆರಿಸಿ ಹಾಕಿದರು. ಊದುಬತ್ತಿಯನ್ನೂ ಹಚ್ಚಿದರು. ಪ್ರಚಂಡಸೇನ ಮಾತ್ರ ಹೊರಗೆ ಬರಲಿಲ್ಲ. ಉಗಾದಿ ಹತ್ತಿರವಾಗುತ್ತಿತ್ತು, ಹಾಳೆಗಳು ಬೂದಿಯಾಗಿದ್ದವು. ಸಂಜೆ ಓಬಣ್ಣನ ತಂಡದ ಎದುರು ಯಾವ ಮುಖ ಇಟ್ಟುಕೊಂಡು ನಿಲ್ಲುವುದು?

ಕಲ್ಯಾಣದುರ್ಗದಲ್ಲಿ ಅವರ ಷಡ್ಡಕ, ಅಂದರೆ ಶಿವಲಕ್ಷ್ಮಮ್ಮನ ತಂಗಿಯ ಗಂಡ ಜಯರಾಮಪ್ಪ, ಕಂಪ್ಯೂಟರ್ ಕಲಿಸುವ ಸೆಂಟರ್ ಇಟ್ಟಿದ್ದ. ಮೇಷ್ಟ್ರು ಶಾಲೆಗೆ ರಜೆ ಹಾಕಿ, ಫ್ಲಾಪಿ ದಾರಿಯಲ್ಲಿ ಮುರಿದೀತೆಂದು ತೆಗೆದು ಜೇಬಿನಲ್ಲಿಟ್ಟು, ಕಂಪ್ಯೂಟರಿನ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೊರಟರು. ಕಂಡಕ್ಟರ್ ಗಂಟನ್ನು ಬೆರಳಿನಿಂದ ತಟ್ಟಿ, "ಲೋಪಲ ಏಮುಂದಿ ಸಾರ್, ಕೋಳ್ಳಾ?" ಎಂದು ತೆಲುಗಿನಲ್ಲಿ ಕೇಳಿದ, ಒಳಗಿರುವುದು ಕೋಳಿಗಳೇ ಎಂದು.

"ಕೋಳಿ ಕಾದು, ನಾಟಕಂ!" ಎಂದರು ಮೇಷ್ಟ್ರು ಗಂಭೀರವಾಗಿ.

ಅವನು ಹಾರ್ಮೋನಿಯಂ ಎಂದುಕೊಂಡು ಇಳಿಯುವವರೆಗೂ ಒಂದು ಪದ್ಯ ಹಾಡಿ ಎಂದು ಪೀಡಿಸಿದ.

ಕಲ್ಯಾಣದುರ್ಗದಲ್ಲಿ ಜಯರಾಮಪ್ಪ ವೈರು ಸಿಕ್ಕಿಸಿ ಸ್ವಿಚ್ ಒತ್ತಿದ್ದೇ ತಡ, ಪೆಟ್ಟಿಗೆ ಗುರ್ರೆಂದು ಎದ್ದುಬಿಟ್ಟಿತು. ಪ್ರಚಂಡಸೇನ ಮೀಸೆ ತಿರುವುತ್ತ ಮೊದಲನೇ ದೃಶ್ಯದಲ್ಲೇ ನಿಂತಿದ್ದ.

"ಏನೂ ಆಗಿಲ್ಲ ಕಣಣ್ಣ ಇದಕ್ಕೆ. ಎದಕ್ಕೂ ಒಂದು ಪ್ರಿಂಟ್ ತೆಕ್ಕೊಡ್ಲಾ?"

"ಪೇಪರಾ?" ಮೇಷ್ಟ್ರು ನಕ್ಕರು. "ಸೆಂಟರ್ ಇಟ್ಕೊಂಡು ನೀನೇ ಹಿಂಗಂದ್ರೆ ಹೆಂಗಪ್ಪ?"

ವಿಜಯಯಾತ್ರೆ ಮುಗಿಸಿ ಮನೆಗೆ ಬಂದವರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಜಿರಳೆಯನ್ನು ನೆನೆದು ಫ್ಲಾಪಿಯನ್ನು ಮತ್ತೆ ಅದರ ಬಾಯಿಗೆ ತುರುಕಿದರು. ಸ್ವಿಚ್ ಒತ್ತಿದರು. ಕಪ್ಪು ಪರದೆ. ನಾನ್ ಸಿಸ್ಟಮ್.

"ಅದಕ್ಕೆ ಹಿಂದೂಪುರದ ನೀರು ಒಗ್ತಿಲ್ಲ," ಎಂದರು ಶಿವಲಕ್ಷ್ಮಮ್ಮ.

ಬೆಳಗಾಗುತ್ತಲೇ ಮತ್ತೆ ಫ್ಲಾಪಿ ಜೇಬಿಗೆ, ಮತ್ತೆ ದುಪ್ಪಟಿ, ಮತ್ತೆ ಬಸ್ಸು, ಅದೇ ಕಂಡಕ್ಟರ್. ಕಲ್ಯಾಣದುರ್ಗದಲ್ಲಿ ಪೆಟ್ಟಿಗೆ ಮತ್ತೆ ಗುರ್ರೆಂದಿತು! ಮೇಷ್ಟ್ರ ಕಣ್ಣಲ್ಲಿ ನೀರು ಬಂತು. "ನೀನೇ ಬಂದು ನೋಡ್ಬುಡಪ್ಪ, ನಿನ್ನ ದಮ್ಮಯ್ಯ," ಎಂದು ಜಯರಾಮಪ್ಪನ ಕೈ ಹಿಡಿದರು. ಪಾಪ, ಅವನು ಸೆಂಟರಿಗೆ ಬೀಗ ಹಾಕಿ ಜೊತೆಗೆ ಹೊರಟ.

ಇಬ್ಬರೂ ಹಿಂದೂಪುರ ಸೇರುವಷ್ಟರಲ್ಲಿ ಸಂಜೆಯಾಗಿತ್ತು. ಅಂಗಳದಲ್ಲಿ ಏನೋ ಗದ್ದಲ. ಮೇಷ್ಟ್ರು ಅತ್ತ ನೋಡಲೂ ಇಲ್ಲ. ನೇರ ಒಳಗೆ ಹೋಗಿ ಪೆಟ್ಟಿಗೆ ಜೋಡಿಸಿ, ಜೇಬಿನಿಂದ ಫ್ಲಾಪಿ ತೆಗೆದು ಅದರ ಬಾಯಿಗೆ ಹಿಡಿದರು.

"ಇದೇನಣ್ಣ ಮಾಡ್ತಿದ್ದೀಯ?" ಎಂದ ಜಯರಾಮಪ್ಪ.

"ಜಿರಳೆ ಹೋಗ್ದಂಗೆ."

ಜಯರಾಮಪ್ಪ ಫ್ಲಾಪಿಯನ್ನು ಅವರ ಕೈಯಿಂದ ಕಿತ್ತುಕೊಂಡ. "ಅಣ್ಣಾ, ಇದು ಏಳುವಾಗ ಮೊದಲು ಆ ಬಾಯಾಗೆ ಫ್ಲಾಪಿ ಐತಾ ಅಂತ ನೋಡ್ತೈತೆ. ಇದ್ರೆ ಅದರಿಂದ್ಲೇ ಏಳಾಕೆ ಹೋಯ್ತದೆ. ಖಾಲಿ ಫ್ಲಾಪಿ ಕೊಟ್ರೆ ಎದ್ದೇಳೋದೆಂಗೆ?"

ಫ್ಲಾಪಿ ಇಲ್ಲದೆ ಸ್ವಿಚ್ ಒತ್ತಿದ. ಪೆಟ್ಟಿಗೆ ಎದ್ದಿತು. ನಾಚಿಕೆಗಿಂತ ಸಂತೋಷವೇ ಹೆಚ್ಚಾಗಿ ಮೇಷ್ಟ್ರು ಅಂಗಳಕ್ಕೆ ಓಡಿದರು. "ಬನ್ರೋ ಓಬಣ್ಣಾ, ನಾಟಕ ಸಿಕ್ತು!"

ಯಾರೂ ಏಳಲಿಲ್ಲ. ಶಿವಲಕ್ಷ್ಮಮ್ಮ ಮೊರದ ಮುಂದೆ ಕೂತು ಕಡಲೆಕಾಯಿ ಸುಲಿಯುತ್ತ ರಾಣಿಯ ಮಾತು ಹೇಳಿಕೊಡುತ್ತಿದ್ದರು. ತಂಡದವರು ಸುತ್ತ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ನಾಟಕ ಎಲ್ಲೂ ಹೋಗಿರ್ಲಿಲ್ಲ ಸಾರ್," ಎಂದ ಓಬಣ್ಣ. "ಅಕ್ಕೋರ ಬಾಯಾಗೇ ಐತೆ."

"ಒಂದೊಂದಕ್ಷರ ಹುಡುಕ್ಕಂಡು, ಕೂಗ್ಕಂಡು ಟೈಪ್ ಮಾಡಿದ್ರಲ್ಲ, ಕಿವಿ ಮುಚ್ಕಂಡ್ರೂ ಬಂದ್ಬುಡ್ತು," ಎಂದರು ಶಿವಲಕ್ಷ್ಮಮ್ಮ. "ಬೇಜಾರಾಗೋ ಕಡೆ ಒಂಚೂರು ಬದಲಾಯ್ಸಿದ್ದೀನಿ."

"ಎಲ್ಲಿ ಬದಲಾಯ್ಸಿದೆ?"

"ರಾಜ ಬರೋ ಕಡೆಯೆಲ್ಲ."

ಮೇಷ್ಟ್ರು ಹಠ ಹಿಡಿದು ಎಲ್ಲರನ್ನೂ ಕಂಪ್ಯೂಟರಿನ ಮುಂದೆ ನಿಲ್ಲಿಸಿ ಮೂಲ ನಾಟಕದ ನಾಲ್ಕು ಪುಟ ಓದಿಸಿದರು. ಐದನೆಯ ಪುಟಕ್ಕೆ ಬರುವಾಗ ಓಬಣ್ಣ ಆಕಳಿಸಿದ. ಜಯರಾಮಪ್ಪ, "ಅಕ್ಕಾ, ಆಮೇಲೆ ರಾಣಿ ಏನ್ಮಾಡಿದ್ಲು?" ಎಂದು ಕೇಳಿಕೊಂಡು ಅಂಗಳಕ್ಕೆ ಹೋದ. ಎಲ್ಲರೂ ಹಿಂದೆಯೇ ಹೋದರು.

ಆ ವಾರವೆಲ್ಲ ಶಿವಲಕ್ಷ್ಮಮ್ಮ ಹೇಳುವುದು, ಮೇಷ್ಟ್ರು ಟೈಪು ಮಾಡುವುದು. ಹೊಸ ನಾಟಕದಲ್ಲಿ ರಾಜ ಪ್ರಚಂಡಸೇನ ಎರಡನೇ ದೃಶ್ಯದಲ್ಲೇ ಹೋಳಿಗೆ ಗಂಟಲಿಗೆ ಸಿಕ್ಕಿ ಸಾಯುತ್ತಾನೆ. ರಾಣಿ ರಾಜ್ಯ ಆಳುತ್ತಾಳೆ, ಸೊಗಸಾಗಿ.

"ಅಲ್ಲ ಇವಳೇ," ಎಂದರು ಮೇಷ್ಟ್ರು ಬೆರಳನ್ನು ಕೀಲಿಯ ಮೇಲೇ ನಿಲ್ಲಿಸಿ, "ಸತ್ತ ಮೇಲೆ ನಾನು ಉಳಿದ ನಾಟಕದಾಗೆ ಏನು ಮಾಡ್ಲಿ?"

ಆಕೆ ಯೋಚಿಸಿದರು. ಉಗಾದಿಯ ದಿನ ಚಿಲಮತ್ತೂರಿನಲ್ಲಿ ಜನ ಶಿಳ್ಳೆ ಹೊಡೆದು ನೋಡಿದ ಆ ನಾಟಕದಲ್ಲಿ, ಮೀಸೆ ಕಿರೀಟಗಳ ಸಮೇತ ಸೈಡಿನಲ್ಲಿ ನಿಂತು ಪರದೆ ಎಳೆದವರು ದಿವಂಗತ ಪ್ರಚಂಡಸೇನ ಮಹಾರಾಜರೇ.