ಕಾಲು ಎಟುಕದ ಗಾಡಿ

ಕಚೇರಿಯ ಗೇಟಿನ ಪಕ್ಕದಲ್ಲಿ ಎಷ್ಟೋ ಕಾಲದಿಂದ ಬಿದ್ದಿದ್ದ ಒಂದು ಕಲ್ಲನ್ನು ಆ ದಿನ ಬೆಳಿಗ್ಗೆ ವಾಚ್‌ಮನ್ ಎತ್ತಿಸಿ ಹಿತ್ತಲಿಗೆ ಹಾಕಿಸಿದ. ದೊಡ್ಡ ಸಾಹೇಬರು ಬರುತ್ತಾರೆ, ಗೇಟಿನ ಮುಂದೆ ಚೊಕ್ಕಟವಾಗಿರಲಿ ಎಂದು ಹೆಡ್ ಕ್ಲರ್ಕ್ ಅಪ್ಪಣೆ ಮಾಡಿದ್ದರು. ಆ ಕಲ್ಲಿನಿಂದ ಯಾರಿಗಾದರೂ ಉಪಯೋಗವಿದೆಯೇ ಎಂದು ಯಾರೂ ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಮೀಟರಪ್ಪ ಮರ್ಯಾದೆಯಾಗಿ ಬಂದು, ಮರ್ಯಾದೆಯಾಗಿ ಇಳಿದು ಒಳಗೆ ಹೋಗುತ್ತಿದ್ದ.

ಮೀಟರಪ್ಪ ನೀರು ಸರಬರಾಜು ಕಚೇರಿಯ ನೌಕರ. ಮನೆಮನೆಗೆ ನಡೆದು ನೀರಿನ ಮೀಟರು ನೋಡಿಕೊಂಡು ಬರುವುದು ಅವನ ಕೆಲಸ. ಹೆತ್ತವರು ಇಟ್ಟ ಹೆಸರು ಈಗ ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಊರಿನ ನಾಯಿಗಳೆಲ್ಲ ಅವನನ್ನು ಬಲ್ಲವು. ಕೆಲವು ಕಚ್ಚಿಯೂ ಬಲ್ಲವು. ನಡೆದು ನಡೆದು ಅವನ ಹಿಮ್ಮಡಿಗಳು ಬಿರುಕು ಬಿಟ್ಟಿದ್ದವು.

ಈಗ ಕಚೇರಿಯಲ್ಲಿ ಎರಡು ಜಾಗ ಖಾಲಿಯಾಗಿದ್ದವು. ಒಂದು, ರೆಕಾರ್ಡ್ ರೂಮಿನ ಕುರ್ಚಿ. ಮೇಲೆ ಫ್ಯಾನು, ಪಕ್ಕದಲ್ಲಿ ಕಿಟಕಿ, ಕೂಗಿದರೆ ಟೀ. ಇನ್ನೊಂದು, ಗುಡ್ಡದ ಮೇಲಿನ ಕೆರೆಯಿಂದ ಊರಿಗೆ ಬರುವ ಪೈಪಿನ ಉದ್ದಕ್ಕೂ ಹೋಗಿ ಎಲ್ಲಿ ಸೋರುತ್ತಿದೆ ಎಂದು ನೋಡುವ ಕೆಲಸ. ಮೊದಲನೆಯದಕ್ಕೆ ಇಡೀ ಕಚೇರಿ ಬಾಯಿ ಬಿಡುತ್ತಿತ್ತು, ಎರಡನೆಯದರ ಹೆಸರೆತ್ತಿದರೆ ಎಲ್ಲರಿಗೂ ಕೆಮ್ಮು ಬರುತ್ತಿತ್ತು. ಕೊನೆಗೆ ಉಳಿದವರು ಇಬ್ಬರು: ಮೀಟರಪ್ಪ ಮತ್ತು ಸ್ಟೋರ್ ಗುಮಾಸ್ತ. ಒಬ್ಬನಿಗೆ ಕುರ್ಚಿ, ಇನ್ನೊಬ್ಬನಿಗೆ ಗುಡ್ಡ. ಯಾರಿಗೆ ಯಾವುದು ಎಂದು ದೊಡ್ಡ ಸಾಹೇಬರು ಇವತ್ತು ಬಂದು ಹೇಳುವವರಿದ್ದರು.

"ರೀ, ಇವತ್ತು ಕುರ್ಚಿ ತಗೊಂಡೇ ಮನೆಗೆ ಬನ್ನಿ," ಎಂದು ಹೆಂಡತಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಕೊಟ್ಟು ಹೇಳಿದ್ದಳು. "ನಿಮ್ಮ ಕಾಲು ನೋಡೋಕಾಗಲ್ಲ ನನ್ ಕೈಲಿ."

ಆ ಕಾಲಿಗೆ ಸುಖವಾಗಲಿ ಎಂದೇ ಮೀಟರಪ್ಪ ಭಾಮೈದನ ಮೋಟರ್ ಸೈಕಲ್ಲನ್ನು ಕೊಂಡುಕೊಂಡಿದ್ದ. ಕೊಂಡ ಮೇಲೆ ತಿಳಿಯಿತು, ಅದು ಊರಿನ ಗಾಡಿಯಲ್ಲ. ಕಲ್ಲುಮುಳ್ಳು, ಹಳ್ಳಕೊಳ್ಳ ಹಾರಿಕೊಂಡು ಹೋಗಲಿಕ್ಕೆಂದೇ ಹುಟ್ಟಿದ ಗಾಡಿ. ಪಕ್ಕದಲ್ಲಿ ನಿಂತರೆ ಅದರ ಸೀಟು ಅವನ ಎದೆಗೆ ಬರುತ್ತಿತ್ತು. ಹತ್ತಿ ಕೂತರೆ ಎರಡೂ ಕಾಲು ಗಾಳಿಯಲ್ಲಿ ತೂಗಾಡುತ್ತಿದ್ದವು. ಬಿಸಿಯಾದ ಮೇಲೆ ಒಮ್ಮೆ ಎಂಜಿನ್ ನಿಂತರೆ ತಣ್ಣಗಾಗುವ ತನಕ ಎಷ್ಟು ಒದ್ದರೂ ಮಾತಾಡುತ್ತಿರಲಿಲ್ಲ. ಪಕ್ಕದ ಸ್ಟ್ಯಾಂಡು ತನಗೆ ತೋಚಿದಾಗ ಮಡಚಿಕೊಳ್ಳುತ್ತಿತ್ತು. ಪೆಟ್ರೋಲ್ ಟ್ಯಾಂಕಿನಲ್ಲಿ ಒಂದು ತಂಬಿಗೆಗಿಂತ ಹೆಚ್ಚು ಹಿಡಿಯುತ್ತದೆ ಎಂದು ಅವನಿಗೆ ಯಾವತ್ತೂ ಅನ್ನಿಸಲಿಲ್ಲ.

"ಅದೆಲ್ಲ ದೋಷ ಅಲ್ಲ ಭಾವ, ಗಾಡಿ ಸ್ವಭಾವ," ಎಂದ ಭಾಮೈದ, ಅದೇ ಗಾಡಿಯ ಮಾಲೀಕರೆಲ್ಲ ಸೇರಿ ಮಾಡಿಕೊಂಡಿದ್ದ ಫೋನಿನ ಗುಂಪೊಂದಕ್ಕೆ ಅವನನ್ನು ಸೇರಿಸಿದ. ಮೀಟರಪ್ಪ ಅಲ್ಲಿ ತನ್ನ ಗೋಳು ತೋಡಿಕೊಂಡ. ಸೀಟು ಹಲಗೆ ಥರ ಇದೆ ಎಂದರೆ, "ಸೀಟು ಯಾಕೆ ಬೇಕು, ಎದ್ದು ನಿಂತು ಓಡಿಸಿ," ಎಂದು ಒಬ್ಬ ಬರೆದ. ಬಿಸಿಯಾದಾಗ ಸ್ಟಾರ್ಟ್ ಆಗಲ್ಲ ಎಂದರೆ, "ನಿಮಗೂ ವಿಶ್ರಾಂತಿ ಬೇಡವಾ," ಎಂದ ಇನ್ನೊಬ್ಬ. ಕಾಲು ಎಟುಕಲ್ಲ ಎಂದಾಗ ಮಾತ್ರ ಗುಂಪಿಗೆ ಗುಂಪೇ ಸಿಟ್ಟಾಯಿತು. "ನಿಲ್ಲಿಸಬೇಕು ಅನ್ನೋರು ಈ ಗಾಡಿ ಯಾಕೆ ತಗೋಬೇಕು?" ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡು ಮೀಟರಪ್ಪ ಸುಮ್ಮನಾದ.

ಸುಮ್ಮನಾಗಿ, ಊರಿನಲ್ಲಿ ಎಲ್ಲೆಲ್ಲಿ ಕಾಲಿಡಬಹುದು ಎಂದು ಹುಡುಕಿಕೊಂಡ. ಮನೆಯಲ್ಲಿ ಮುಂಬಾಗಿಲ ಮೆಟ್ಟಿಲು, ಮಾರುಕಟ್ಟೆಯಲ್ಲಿ ಅಂಚೆ ಕಚೇರಿಯ ಜಗಲಿ, ಕಚೇರಿಯಲ್ಲಿ ಗೇಟಿನ ಪಕ್ಕದ ಕಲ್ಲು.

ಆ ಕಲ್ಲು ಇವತ್ತು ಇರಲಿಲ್ಲ. ಕಾಲಿಡಲು ಹೊರಟ ಮೀಟರಪ್ಪ ಬಗ್ಗಿ ನೋಡಿ, ಮತ್ತೆ ಗಾಡಿ ಮುಂದಕ್ಕೆ ಬಿಟ್ಟ. ಹಾಗೇ ಬಿದ್ದುಬಿಡೋಣವೆಂದರೆ, ಪೈಪು ಹಾಕಲು ಅವರದೇ ಇಲಾಖೆ ಅಗೆದಿದ್ದ ರಸ್ತೆಯ ಎರಡೂ ಬದಿಯಲ್ಲಿ ಮೊಣಕಾಲುದ್ದ ಕೆಸರು, ಮೈಮೇಲೆ ಬಿಳಿ ಅಂಗಿ. ಅಂಚೆ ಕಚೇರಿಯ ಜಗಲಿಗೆ ಹೋಗಿ ಇಳಿದು ನಡೆದು ಬರೋಣವೆಂದರೆ ಸಾಹೇಬರು ಬರುವ ಹೊತ್ತಾಗಿತ್ತು. ಕಚೇರಿಯ ಸುತ್ತ ನಾಲ್ಕೂ ಕಡೆ ರಸ್ತೆ ಇದ್ದದ್ದೇ ಪುಣ್ಯ. ಅವನು ಒಂದು ಸುತ್ತು ಬಂದ.

"ಕಲ್ಲೆಲ್ಲಿ?" ಎಂದು ವಾಚ್‌ಮನ್‌ಗೆ ಕೂಗಿ ಹೋದ.

ಮುಂದಿನ ಸುತ್ತಿಗೆ ವಾಚ್‌ಮನ್ ಸಿದ್ಧನಾಗಿದ್ದ. "ಯಾವ ಕಲ್ಲು?"

"ನನ್ನ ಕಲ್ಲು."

ಅದರ ಮುಂದಿನ ಸುತ್ತಿಗೆ ಉತ್ತರ ಬಂತು: "ಹಿತ್ತಲಿಗೆ ಹಾಕ್ಸಿದೀನಿ. ಬೇಕಿತ್ತಾ?"

"ತಗೊಂಬಾ."

"ನಾಲ್ಕು ಜನ ಬೇಕು ಸಾರ್, ಹೆಡ್ ಕ್ಲರ್ಕನ್ನ ಕೇಳ್ಬೇಕು."

ಯಾರೂ ಕೇಳುವ ಮೊದಲೇ ಹೆಡ್ ಕ್ಲರ್ಕ್ ಹೊರಗೆ ಬಂದಿದ್ದರು. ಅವರ ಹಿಂದೆ ಕ್ಯಾಶಿಯರಮ್ಮ, ಅವರ ಹಿಂದೆ ಬಿಲ್ ಕಟ್ಟಲು ಬಂದವರು. ಎಲ್ಲರ ಹತ್ತಿರವೂ ಒಂದೊಂದು ಸಲಹೆ ಇತ್ತು. ಕಲ್ಲು ತಾವೇ ತೆಗೆಸಿದ್ದರಿಂದ ಅದನ್ನು ವಾಪಸ್ ತರಿಸಲು ಹೆಡ್ ಕ್ಲರ್ಕರಿಗೆ ಮನಸ್ಸಾಗಲಿಲ್ಲ. ಬದಲಿಗೆ ಪ್ಲಾಸ್ಟಿಕ್ ಕುರ್ಚಿ ತರಿಸಿ ರಸ್ತೆಯ ಅಂಚಿನಲ್ಲಿ ಇಡಿಸಿದರು. ಮೀಟರಪ್ಪ ದೇವರ ಮೇಲೆ ಭಾರ ಹಾಕಿ ಅದರ ಮೇಲೆ ಕಾಲಿಟ್ಟ. ಕುರ್ಚಿ ಕೆಸರಿಗೆ ಹೋಯಿತು, ಅವನು ಮುಂದಿನ ತಿರುವಿಗೆ ಹೋದ.

"ಕುರ್ಚಿ ಮೇಲೆ ಆಸೆ ಇಟ್ಕೊಂಡೋರು ಅದನ್ನ ಒದೀಬಾರದು," ಎಂದರು ಕ್ಯಾಶಿಯರಮ್ಮ.

ಆಮೇಲೆ ನಾಲ್ಕು ಜನ ಸಾಲಾಗಿ ನಿಂತು ಗಾಡಿಯನ್ನು ಹಿಡಿಯುವುದೆಂದು ತೀರ್ಮಾನವಾಯಿತು. ಗಾಡಿ ದೂರದಲ್ಲಿರುವಾಗ ನಾಲ್ವರೂ ಧೀರರೇ. ಹತ್ತಿರ ಬಂದಾಗ ಒಬ್ಬನಿಗೆ ಫೋನು ಬಂತು, ಒಬ್ಬನ ಚಪ್ಪಲಿ ಕಿತ್ತಿತು, ಉಳಿದಿಬ್ಬರು ಒಬ್ಬರನ್ನೊಬ್ಬರು ಹಿಡಿದುಕೊಂಡರು.

ಅಷ್ಟರಲ್ಲಿ ಕ್ಯಾಶಿಯರಮ್ಮ ಫೋನ್ ಮಾಡಿ ಕರೆಸಿದ್ದ ಭಾಮೈದ ಓಡಿ ಬಂದ. ಹಿಡಿಯುತ್ತಾನೆಂದು ಮೀಟರಪ್ಪ ವೇಗ ತಗ್ಗಿಸಿದರೆ, ಅವನು ಪಕ್ಕದಲ್ಲೇ ಓಡುತ್ತ, "ಭಾವ, ಎದ್ದು ನಿಂತ್ಕೊಳ್ಳಿ, ಮೊಣಕಾಲು ಸಡಿಲ ಬಿಡಿ," ಎಂದ.

"ಹಿಡ್ಕೊಳ್ಳೋ ಮಾರಾಯ."

"ಹಿಡ್ಕೊಂಡ್ರೆ ಕಲಿಯೋದು ಯಾವಾಗ ಭಾವ?" ಎಂದು ಉಸಿರು ಕಟ್ಟಿ ನಿಂತ ಭಾಮೈದ, ಫೋನು ತೆಗೆದು ವಿಡಿಯೋ ಮಾಡಿ ಗುಂಪಿಗೆ ಹಾಕಿದ. ಮೀಟರಪ್ಪನ ಜೇಬಿನಲ್ಲಿ ಮಾಲೀಕರ ಮೆಚ್ಚುಗೆ ಟಿಂಗ್ ಟಿಂಗ್ ಎಂದು ಬೀಳತೊಡಗಿತು.

ಎದುರಿನಿಂದ ಸಾಹೇಬರ ಬಿಳಿ ಕಾರು ಬಂದದ್ದು ಆಗಲೇ. ದಾರಿ ಬಿಡಲು ಮೀಟರಪ್ಪ ಹ್ಯಾಂಡಲ್ ತಿರುಗಿಸಿದ. ಗಾಡಿ ಅಗೆದ ಮಣ್ಣಿನ ಗುಡ್ಡೆ ಕಂಡದ್ದೇ ತವರು ಕಂಡ ಹಾಗೆ ಸರ್ರನೆ ಮೇಲೇರಿ, ಕೆಸರಿನ ಗುಂಡಿಯ ಮೇಲೆ ಹಾರಿ, ಕಾರಿನ ಹಿಂದೆ ಮತ್ತೆ ರಸ್ತೆಗೇ ಇಳಿಯಿತು. ಹಾರುವಾಗ ಮೀಟರಪ್ಪ ತನಗೆ ಗೊತ್ತಿಲ್ಲದೇ ಎದ್ದು ನಿಂತಿದ್ದ, ಮೊಣಕಾಲೂ ಸಡಿಲವಾಗಿದ್ದವು. ಕಿಟಕಿಗಳಿಂದ ಚಪ್ಪಾಳೆ ಬಿತ್ತು. ಕಾರು ಗೇಟಿನ ಮುಂದೆ ನಿಂತಿತು, ಆದರೆ ಕಪ್ಪು ಗಾಜು ಇಳಿಯಲಿಲ್ಲ, ಯಾರೂ ಇಳಿಯಲಿಲ್ಲ.

ಇನ್ನೂ ಎರಡು ಸುತ್ತು ಹೊಡೆಯುವಷ್ಟರಲ್ಲಿ ತಂಬಿಗೆ ಖಾಲಿಯಾಯಿತು. ಗಾಡಿ ಬಿಕ್ಕಿತು, ಕೆಮ್ಮಿತು, ಸರಿಯಾಗಿ ಕಾರಿನ ಮುಂದೆ ಅಡ್ಡಲಾಗಿ ಬಂದು ನಿಂತು ಎಡಕ್ಕೆ ವಾಲಿತು. ಮೀಟರಪ್ಪನ ಎಡಗಾಲಿಗೆ ಏನೋ ಸಿಕ್ಕಿತು. ಅದು ದೊಡ್ಡ ಸಾಹೇಬರ ಕಾರಿನ ಬಂಪರು. ಅದರ ಮೇಲೆ ಕಾಲೂರಿ, ಬಾನೆಟ್ಟಿನ ಮೇಲೆ ಕೈಯೂರಿ, ಗಾಡಿಯನ್ನು ಕಾರಿಗೇ ಒರಗಿಸಿ ಅವನು ಇಳಿದ. ಅಂಗಿಗೆ ಒಂದು ಹನಿ ಕೆಸರೂ ತಾಗಿರಲಿಲ್ಲ. ಹೆಡ್ ಕ್ಲರ್ಕ್ ಕಣ್ಣು ಮುಚ್ಚಿಕೊಂಡರು.

ಒಳಗೆ ಮೊದಲು ಸ್ಟೋರ್ ಗುಮಾಸ್ತನನ್ನು ಕರೆದರು, ಆಮೇಲೆ ಮೀಟರಪ್ಪನನ್ನು. ಕುರ್ಚಿಯ ಆಸೆಗೆ ಎಳ್ಳುನೀರು ಬಿಟ್ಟೇ ಅವನು ಒಳಗೆ ಹೋದ. ದೊಡ್ಡ ಮೇಜಿನ ಆಚೆ ಕೂತಿದ್ದ ಸಾಹೇಬರು ನಿಧಾನವಾಗಿ ಹೇಳಿದರು:

"ಕೂತ್ಕೊಳ್ಳಿ. ಹೊರಗಡೆ ಎಲ್ರೂ ನೀವು ಶೋಕಿ ಮಾಡ್ತಿದೀರ ಅಂದ್ಕೊಂಡ್ರು. ನನ್ನ ಡ್ರೈವರ್ ಕೂಡ. ನಾನಂದೆ, ಅಲ್ಲಪ್ಪ, ಪಾಪ ಅವರಿಗೆ ಕಾಲು ಎಟುಕ್ತಿಲ್ಲ."

ಇಡೀ ಊರಿನಲ್ಲಿ ಮೀಟರಪ್ಪನ ಕಷ್ಟ ಅರ್ಥವಾದದ್ದು ಈ ಒಬ್ಬರಿಗೆ. ಸಾಹೇಬರು ಕೈ ಕುಲುಕಲು ಎದ್ದು ನಿಂತರು. ನಿಂತಾಗಲೂ ಕೂತಷ್ಟೇ ಎತ್ತರ ಕಂಡರು. ಅವರ ನೆತ್ತಿ ಮೀಟರಪ್ಪನ ಭುಜಕ್ಕೆ ಬರುತ್ತಿತ್ತು.

"ವಯಸ್ಸಲ್ಲಿ ನನ್ನ ಹತ್ರಾನೂ ಇದೇ ಗಾಡಿ ಇತ್ತು," ಎಂದರು. "ಬಿಸಿಯಾದ್ರೆ ಸ್ಟಾರ್ಟ್ ಆಗಲ್ಲ, ಅಲ್ವಾ?"

"ಜಪ್ಪಯ್ಯ ಅಂದ್ರೂ ಆಗಲ್ಲ ಸಾರ್."

"ಸ್ಟ್ಯಾಂಡು ತಾನಾಗೇ ಮಡಚ್ಕೊಳ್ಳುತ್ತೆ?"

"ನಾನು ಬೆನ್ನು ತಿರುಗಿಸೋದನ್ನೇ ಕಾಯ್ತಿರುತ್ತೆ ಸಾರ್."

ಒಂದೇ ಮನೆಯ ಸೊಸೆಯರಿಬ್ಬರು ಅತ್ತೆಯ ಮಾತಾಡಿಕೊಂಡ ಹಾಗೆ ಇಬ್ಬರೂ ತುಂಬ ಹೊತ್ತು ಮಾತಾಡಿಕೊಂಡರು. ಮೀಟರಪ್ಪನ ಕಣ್ಣಿಗೆ ಕುರ್ಚಿ, ಫ್ಯಾನು, ಕಿಟಕಿ ಎಲ್ಲ ಮತ್ತೆ ಕಾಣತೊಡಗಿದವು.

"ಆದ್ರೆ ಒಂದು ಮಾತು," ಎಂದರು ಸಾಹೇಬರು. "ತಪ್ಪು ಗಾಡೀದಲ್ಲ, ಊರಿಂದು. ಊರಲ್ಲಿ ಹೆಜ್ಜೆಗೊಂದ್ಸಲ ನಿಲ್ಲಿಸ್ಬೇಕು, ಕಾಲಿಡೋಕೆ ಒಂದು ಕಲ್ಲಿಲ್ಲ. ನಿಮ್ಮ ಒದ್ದಾಟ ನೋಡಿ ನನಗೆ ಹೊಟ್ಟೆ ಉರೀತು. ಅದಕ್ಕೇ ನಿಮ್ಮನ್ನ ಗುಡ್ಡದ ಪೈಪಿಗೆ ಹಾಕಿದೀನಿ. ಅಲ್ಲಿ ಎಲ್ಲಿ ನೋಡಿದ್ರೂ ಬಂಡೆ. ಯಾವ ಬಂಡೆ ಬೇಕೋ ಅದರ ಮೇಲೆ ಕಾಲಿಡಿ."

ಮೀಟರಪ್ಪ ಕೈ ಜೋಡಿಸಿದ. "ಸಾರ್, ಆ ಕುರ್ಚಿ..."

"ಅದು ಸ್ಟೋರ್ ಗುಮಾಸ್ತರಿಗೆ. ಅವರಿಗೆ ಗಾಡೀನೇ ಇಲ್ವಂತೆ, ಪಾಪ."

"ನಾನೂ ಈ ಗಾಡಿ ಮಾರೋಣ ಅಂತಿದೀನಿ ಸಾರ್."

ಸಾಹೇಬರು ಮನಸಾರೆ ನಕ್ಕರು. "ನಾನೂ ಮೊದಮೊದಲು ಹಾಗೇ ಅಂತಿದ್ದೆ. ಸ್ವಲ್ಪ ದಿನ ಗುಡ್ಡದಲ್ಲಿ ಓಡಿಸಿ, ಆಮೇಲೆ ಹೇಳಿ. ಈಗ ಹೋಗಿ ನನ್ನ ಕಾರಿಂದ ಅದನ್ನ ಎತ್ಕೊಳ್ಳಿ."

ಹೊರಗೆ ಬಂದಾಗ ಹೆಂಡತಿಯ ಫೋನು ಬಂತು.

"ಏನಾಯ್ತು ರೀ? ಸಿಕ್ತಾ?"

"ಸಿಕ್ತು."

"ಅಬ್ಬಾ, ನಿಮ್ಮ ಕಾಲಿನ ಪುಣ್ಯ. ಇನ್ಮೇಲೆ ದಿನವಿಡೀ ಕೂತ್ಕೊಂಡೇ ಕೆಲಸ ತಾನೆ?"

ಮೀಟರಪ್ಪ ಗಾಡಿಯನ್ನು ನೋಡಿದ.

"ಕೂತ್ಕೊಂಡೇ ಕಣೇ," ಎಂದ. "ಇಳಿಯೋ ಹಾಗೇ ಇಲ್ಲ."