ದ್ಯಾಮಕ್ಕನ ಮಾಳಿಗೆಯ ಧೂಳು

ಬಿಳಿ ಹಾಳೆ ಮಧ್ಯಾಹ್ನದೊಳಗೇ ಕಪ್ಪಾಗಿದ್ದು ಎಲ್ಲ ರಗಳೆಗೆ ಮೂಲ.

ಉಕ್ಕಿನ ಕಾರ್ಖಾನೆ ಪಕ್ಕದ ಕುರೆಕುಪ್ಪ ಊರಿನ ಗಾಳಿಯಲ್ಲಿ ಧೂಳೆಷ್ಟು, ಅದರೊಳಗೆ ಕಬ್ಬಿಣವೆಷ್ಟು, ಸೀಸವೆಷ್ಟು ಎಂದು ಅಳೆಯುವ ಯಂತ್ರವನ್ನು ಹುಲಿಗೇಶ ಬೆಳಿಗ್ಗೆಯೇ ದ್ಯಾಮಕ್ಕನ ಮಾಳಿಗೆಯ ಮೇಲೆ ಇಟ್ಟಿದ್ದ. ಯಂತ್ರ ಗಾಳಿ ಎಳೆದುಕೊಳ್ಳುತ್ತದೆ, ಒಳಗಿನ ಬಿಳಿ ಹಾಳೆಗೆ ಧೂಳು ಅಂಟುತ್ತದೆ, ಸಂಜೆ ಪ್ರಯೋಗಾಲಯದ ಶಿಲ್ಪಶ್ರೀ ಮೇಡಂ ಬಂದು ಹಾಳೆ ಒಯ್ಯುತ್ತಾರೆ. ಹೋದ ಸಲ ಹಾಳೆಯನ್ನೇ ಗಾಳಿಗೆ ಹಾರಿಸಿಕೊಂಡಿದ್ದ ಹುಲಿಗೇಶನಿಗೆ, "ಇನ್ನೊಮ್ಮೆ ಹಿಂಗಾದ್ರ ಕೆಲಸಕ್ಕ ಬರಬ್ಯಾಡ್ರಿ" ಎಂದು ಅವರು ಹೇಳಿಯೂ ಆಗಿತ್ತು.

ಹಾಗಾಗಿ ಯಂತ್ರದ ಪಕ್ಕವೇ ಕೂತಿದ್ದವನನ್ನು ದ್ಯಾಮಕ್ಕ ಊಟಕ್ಕೆ ಕೆಳಗೆ ಎಳೆದೊಯ್ದಳು. ರೊಟ್ಟಿ, ಪುಂಡಿಪಲ್ಲೆ ಹೊಟ್ಟೆಗೆ ಬಿದ್ದದ್ದೇ ತಡ, ಕಟ್ಟೆಗೆ ಒರಗಿ ಗೊರಕೆ ಹೊಡೆದ. ಎದ್ದು ಮೇಲೆ ಓಡಿದರೆ ಯಂತ್ರದ ಸದ್ದಿಲ್ಲ. ಹಾಳೆ ಹಾಲಿನಷ್ಟು ಬಿಳಿ!

"ನಾನ ಬಂದ್ ಮಾಡಿ ನಿನ್ನ ಚೀಲದಾಗಿನ ಹೊಸಾ ಹಾಳಿ ಹಾಕೀನಿ ತಮ್ಮಾ," ಎಂದಳು ದ್ಯಾಮಕ್ಕ. "ಮೊದಲಿಂದು ಭಾಳ ಹೊಲಸಾಗಿತ್ತು. ನಿಮ್ಮ ಮೇಡಂ ನೋಡಿದ್ರ, ಈಕಿ ಕಸಾನ ಹೊಡೆಯಂಗಿಲ್ಲ ಅಂತಾರ. ಒಲಿಗೆ ಹಾಕಿದೆ."

ಹುಲಿಗೇಶ ತಲೆಯ ಮೇಲೆ ಕೈ ಹೊತ್ತು ಕೂತ. ನೆರೆಮನೆಯ ಉಚ್ಚೆಂಗಪ್ಪ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ.

"ಲೇ, ಧೂಳು ತಾನ ಬೇಕಾಗಿದ್ದು? ನಮ್ಮ ಕಿಟಕ್ಯಾಗ ಬೇಕಾದಷ್ಟೈತಿ!" ಎಂದು ಮುಷ್ಟಿ ತುಂಬ ತಂದುಕೊಟ್ಟ.

ಮಾಡಬಾರದೆಂದು ಹುಲಿಗೇಶನಿಗೆ ಗೊತ್ತಿತ್ತು. ಆದರೂ ಬೆರಳಿನಿಂದ ಹಾಳೆಗೆ ತೆಳ್ಳಗೆ ಸವರಿದ, ಊದಿದ, ಯಂತ್ರ ಚಾಲೂ ಮಾಡಿದ.

ಸಂಜೆ ಮೇಡಂ ಬಂದರು. "ದಿನಾ ಪೂರ್ತಿ ಓಡೇತ್ರಿ ಮೇಡಂ. ಕಣ್ಣು ಮಿಟುಕಿಸದಂಗ ಕಾದೀನ್ರಿ," ಎಂದು ಹಾಳೆ ಒಪ್ಪಿಸಿದ.

ಮೇಡಂ ಹಾಳೆಯನ್ನೂ ಅವನನ್ನೂ ನೋಡಿದರು. "ಮಧ್ಯಾಹ್ನಾನ ಮಷಿನ್ ಬಂದ್ ಆಗೇತಿ ಅಂತ ನನ್ನ ಫೋನಿಗೆ ಮೆಸೇಜ್ ಬಂತ್ರಿ. ಮನಿಯವರು ಆರಿಸಿರ್ತಾರ, ನಿಮ್ಮ ತಪ್ಪಲ್ಲ, ನಾಳೆ ಮತ್ತ ಇಟ್ರಾತು ಅಂತ ಹೊಸಾ ಹಾಳಿ ತಂದೀನಿ. ಆದ್ರ ಬೆರಳಿನ ಗುರ್ತು ಬಿದ್ದ ಈ ಧೂಳು ಎಲ್ಲಿಂದ ಬಂತು?"

ನಿಜ ಹೇಳಿದ್ದರೆ ಉಳಿಯುತ್ತಿದ್ದ ಕೆಲಸಕ್ಕೆ ಹುಲಿಗೇಶ ತಾನೇ ಕೈಯಾರೆ ಮಣ್ಣು ಹಾಕಿಕೊಂಡಿದ್ದ. ಉಚ್ಚೆಂಗಪ್ಪನ ತಲೆ ಗೋಡೆಯಾಚೆ ಮಾಯವಾಯಿತು. ಗಾಳಿಯಲ್ಲಿ ಬಂದದ್ದು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ದ್ಯಾಮಕ್ಕ ಸೆರಗು ಸಿಕ್ಕಿಸಿ ಮುಂದೆ ಬಂದಳು.

"ನಮ್ಮನೀದಲ್ರೀ ಮೇಡಂ! ಉಚ್ಚೆಂಗಪ್ಪನ ಕಿಟಕೀದು. ಈ ತಮ್ಮಾನ ಸವರಿದ, ನಾನ ಕಣ್ಣಾರೆ ನೋಡೀನಿ. ನಮ್ಮ ಮಾಳಿಗಿ ಬೇಕಾದ್ರ ಮುಟ್ಟಿ ನೋಡ್ರಿ!"